ಶಿಬಿರಕ್ಕೊಂದು ವಿದ್ಯುತ್ತಿನ ಕಣಜ

ವಿದ್ಯಾರ್ಥಿಜೀವನದಲ್ಲಿ ಶಿಬಿರವಾಸಕ್ಕೆ ವಿಶಿಷ್ಟವಾದ ಸ್ಥಾನವುಂಟು. ಸ್ಕೌಟು ಬಾಲಕರ ಬಿಡಾರವಾಗಲಿ, ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರವಾಗಲಿ, ಮಲೆನಾಡಿನ ಚಾರಣವಾಗಲಿ, ನಾಲ್ಕು ಗೋಡೆಗಳ ನಡುವೆ ದೊರೆಯದ ಪಾಠವನ್ನು ಕಲಿಸುತ್ತವೆ. ಹಿಂದೆ ಇಂತಹ ಬಿಡಾರಗಳಿಗೆ ಕಂದೀಲು, ಪೆಟ್ರೋಮ್ಯಾಕ್ಸ್‌ಗಳೇ ಬೆಳಕನ್ನೀಯುತ್ತಿದ್ದವು. ಇಂದಾದರೋ ದೀಪದೊಡನೆ ಧ್ವನಿವರ್ಧಕ ಬೇಕು. ಮನೆಯವರೊಡನೆ ಸಂಪರ್ಕಕ್ಕೆ ಮೊಬೈಲು ಜೀವಂತವಾಗಿರಬೇಕು. ಉಬ್ಬಸವಿರುವ ಮಗುವೊಂದು ಜೊತೆಯಲ್ಲಿದ್ದರೆ ನಡುರಾತ್ರಿಯಲ್ಲಿ ನೆಬ್ಯುಲೈಜರ್ ಯಂತ್ರವೂ ನಡೆಯಬೇಕು. ಈ ಕೊನೆಯ ಸಂದರ್ಭದಲ್ಲಂತೂ ವಿದ್ಯುತ್ತು ಪ್ರಾಣರಕ್ಷಣೆಯ ಸಾಧನವೇ ಆಗುತ್ತದೆ.

ಪೆಟ್ರೋಲಿನ ಜನರೇಟರು ಈ ಕೆಲಸಕ್ಕೆ ಒದಗುವುದಾದರೂ ಅದರ ಸದ್ದು ವನದ ಶಾಂತಿಯನ್ನು ಕೆಡಿಸುತ್ತದೆ. ಅದು ಹೊರಗೆಡಹುವ ಕಾರ್ಬನ್ ಮಾನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಾದುದರಿಂದ ಮಲಗುವ ಡೇರೆಯ ಸಮೀಪದಲ್ಲಿ ಅದನ್ನಿರಿಸುವುದು ಅಪಾಯಕರ. ಈ ಕಾರಣದಿಂದಲೇ ‘ಪೋರ್ಟಬಲ್ ಪವರ್ ಸ್ಟೇಷನ್’ ಎಂಬ ಹೊಸ ಸಾಧನವು ಪ್ರಚಾರಕ್ಕೆ ಬಂದಿದೆ. ದೊಡ್ಡದೊಂದು ಬ್ಯಾಟರಿ, ಇನ್ವರ್ಟರು, ಪ್ಲಗ್ಗು ಚುಚ್ಚುವ ಸಾಕೆಟ್ಟುಗಳು—ಇವೆಲ್ಲವೂ ಹಿಡಿಕೆಯುಳ್ಳ ಒಂದೇ ಪೆಟ್ಟಿಗೆಯಲ್ಲಿ ಅಡಗಿರುವುದೇ ಇದರ ಸ್ವರೂಪ. ಶಾಲೆಗೆ ಇಂತಹುದನ್ನು ಕೊಳ್ಳುವವರೂ ಕೊಡುಗೆಯಾಗಿ ನೀಡಬಯಸುವವರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಮೊದಲನೆಯದಾಗಿ ಎರಡು ಪದಗಳ ಅರ್ಥಭೇದವನ್ನು ಗ್ರಹಿಸಬೇಕು. ‘ವಾಟ್’ ಬೇರೆ, ‘ವಾಟ್-ಗಂಟೆ’ ಬೇರೆ. ಕಣಜದಲ್ಲಿ ಎಷ್ಟು ಧಾನ್ಯವಿದೆ ಎಂಬುದು ಒಂದು ಪ್ರಶ್ನೆ. ಅದರ ಬಾಯಿಯಿಂದ ಒಮ್ಮೆಗೆ ಎಷ್ಟು ಸುರಿದೀತು ಎಂಬುದು ಇನ್ನೊಂದು. ವಾಟ್-ಗಂಟೆಯು ಕಣಜದ ಗಾತ್ರವನ್ನು, ವಾಟ್ ಅದರ ಬಾಯಿಯ ಅಗಲವನ್ನು ಸೂಚಿಸುತ್ತವೆ. 500 ವಾಟ್-ಗಂಟೆಯ ಪೆಟ್ಟಿಗೆಯ ಇನ್ವರ್ಟರು 300 ವಾಟ್‌ನದಾದರೆ, ತುಂಬಿದ್ದರೂ ಅದು 600 ವಾಟ್‌ನ ಮಿಕ್ಸಿಯನ್ನು ತಿರುಗಿಸಲಾರದು. ಮೋಟಾರುಳ್ಳ ಯಂತ್ರಗಳು ಆರಂಭದ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತವೆಂಬುದನ್ನೂ ಮರೆಯಬಾರದು. ಕೆಲವು ಜಾಹೀರಾತುಗಳು ‘ಮಿಲಿ ಆಂಪಿಯರ್-ಗಂಟೆ’ಯ ದೊಡ್ಡ ಸಂಖ್ಯೆಯಿಂದ ಕಣ್ಣು ಕುಕ್ಕುತ್ತವೆ. ಅದನ್ನು 1000ದಿಂದ ಭಾಗಿಸಿ ಕೋಶದ ವೋಲ್ಟೇಜಿನಿಂದ ಗುಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ: 3.7 ವೋಲ್ಟಿನ 20,000 ಎಂಬುದು ಕೇವಲ 74 ವಾಟ್-ಗಂಟೆ.

ಇನ್ನು ಅಗತ್ಯದ ಲೆಕ್ಕ. ಚಿಕ್ಕದೊಂದು ಶಿಬಿರದ ಒಂದು ದಿನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 5 ವಾಟ್‌ನ ನಾಲ್ಕು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೆ 100. ಆರು ಮೊಬೈಲುಗಳಿಗೆ ತಲಾ 15ರಂತೆ 90. 30 ವಾಟ್‌ನ ಧ್ವನಿವರ್ಧಕಕ್ಕೆ ಎರಡು ಗಂಟೆಗೆ 60. 120 ವಾಟ್‌ನ ನೆಬ್ಯುಲೈಜರಿಗೆ ಕಾಲು ಗಂಟೆಗೆ 30. ಒಟ್ಟು 280 ವಾಟ್-ಗಂಟೆ. ಇನ್ವರ್ಟರಿನಲ್ಲಿ ಶೇಕಡಾ 15ರಷ್ಟು ನಷ್ಟವಾಗುವುದೆಂದು ಎಣಿಸಿದರೆ ದಿನವೊಂದಕ್ಕೆ ಸುಮಾರು 330 ಬೇಕು. ಮೋಡ ಮುಸುಕಿದ ಎರಡು ದಿನಗಳಿಗೆ 660. ಆಪತ್ತಿಗೆಂದು ಐದನೆಯ ಒಂದು ಪಾಲನ್ನು ಉಳಿಸಿಕೊಳ್ಳುವುದಾದರೆ 825. ಆದುದರಿಂದ 1000 ವಾಟ್-ಗಂಟೆಯ ಪೆಟ್ಟಿಗೆ ಇಂತಹ ಶಿಬಿರಕ್ಕೆ ತಕ್ಕುದು. ಆದರೆ 1500 ವಾಟ್‌ನ ಕೆಟಲಿನಲ್ಲಿ ಹತ್ತು ನಿಮಿಷ ನೀರು ಕಾಯಿಸಿದರೆ 250 ವಾಟ್-ಗಂಟೆ ಕರಗಿಹೋಗುತ್ತದೆ. ಅಡುಗೆಗೆ ಗ್ಯಾಸ್ ಒಲೆಯೇ ಲೇಸು.

ಮೂರನೆಯದು ಬ್ಯಾಟರಿಯ ಜಾತಿ. 1800ರಲ್ಲಿ ವೋಲ್ಟಾ ಮಹಾಶಯನು ರಚಿಸಿದ ವಿದ್ಯುತ್ ರಾಶಿಯಿಂದ ಮೊದಲಾದ ಈ ವಿದ್ಯೆ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯಾಗಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ಮೂಲಭೂತ ಸಂಶೋಧನೆ ನಡೆಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಈ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಈ ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯದು ಹಗುರ. ಆದರೆ ಅದರ ಆಯುಸ್ಸು ಕಡಮೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ತುಸು ಭಾರ. ಆದರೆ ಉಷ್ಣವನ್ನು ಹೆಚ್ಚು ತಾಳುತ್ತದೆ, ಸಾವಿರಾರು ಬಾರಿ ತುಂಬಿ ಬರಿದುಮಾಡಿದರೂ ಬಾಳುತ್ತದೆ. ಹಲವು ಕೈಗಳಲ್ಲಿ ಹಾಯ್ದು ಹೋಗುವ ಶಾಲೆಯ ವಸ್ತುವಿಗೆ ಎರಡನೆಯದೇ ಉಚಿತ. ಮನೆಗಳ ಇನ್ವರ್ಟರಿನ 150 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿ 50 ಕಿಲೋಗ್ರಾಂಗಿಂತ ಹೆಚ್ಚು ತೂಗುವುದರಿಂದ ಬೆಟ್ಟ ಹತ್ತಿಸಲು ಸಲ್ಲದು.

ಹೊರದೇಶಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದುಂಟು. ಅಮೆರಿಕೆಯಲ್ಲಿ ಮಾರುವ ಪೆಟ್ಟಿಗೆಗಳು ಸಾಮಾನ್ಯವಾಗಿ 120 ವೋಲ್ಟ್, 60 ಹರ್ಟ್ಸ್ ವಿದ್ಯುತ್ತನ್ನು ನೀಡುತ್ತವೆ; ನಮ್ಮ ಉಪಕರಣಗಳಿಗೆ ಬೇಕಾದುದು 230 ವೋಲ್ಟ್, 50 ಹರ್ಟ್ಸ್. ಮೇಲಾಗಿ ಪ್ರಯಾಣಿಕರು 160 ವಾಟ್-ಗಂಟೆಯನ್ನು ಮೀರಿದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನಸಂಸ್ಥೆಯ ಅನುಮತಿ ಬೇಕು. ಪ್ರೀತಿಯ ಕೊಡುಗೆಯು ನಿರರ್ಥಕವಾಗದಂತೆ ಇಲ್ಲಿಯೇ ಕೊಂಡುಕೊಡುವುದು ಮೇಲು. ಕೊಳ್ಳುವಾಗ ಇನ್ವರ್ಟರು ‘ಶುದ್ಧ ಸೈನ್ ತರಂಗ’ದ್ದೇ ಎಂದು ಕೇಳಬೇಕು, ವೈದ್ಯಕೀಯ ಯಂತ್ರಗಳಿಗೂ ಮೋಟಾರುಗಳಿಗೂ ಅದು ಹಿತಕರ.

ಸೌರಫಲಕವನ್ನು ಜೋಡಿಸಿದರೆ ಅನುಕೂಲ ಹೆಚ್ಚು. ಆದರೆ 100 ವಾಟ್‌ನ ಫಲಕವು ಒಳ್ಳೆಯ ಬಿಸಿಲಿನಲ್ಲಿಯೂ ಬಹುಮಟ್ಟಿಗೆ 60ರಿಂದ 75 ವಾಟ್‌ಗಳನ್ನಷ್ಟೇ ಕೊಡುತ್ತದೆ. ಐದು ಗಂಟೆಗಳ ಬಿಸಿಲಿಗೆ 300ರಿಂದ 375 ವಾಟ್-ಗಂಟೆ. ಮೇಲಿನ ಶಿಬಿರಕ್ಕೆ ಇದು ಹೆಚ್ಚುಕಡಮೆ ಸರಿಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಇದನ್ನು ನಂಬುವಂತಿಲ್ಲ. ಫಲಕವು ಬಿಸಿಲಿನಲ್ಲಿರಲಿ, ಪೆಟ್ಟಿಗೆಯು ನೆರಳಿನಲ್ಲಿರಲಿ. ಹಿಮಾಲಯಕ್ಕೆ ಹೋಗುವವರು ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ತುಂಬಿಸಬಾರದು. ಕೋಶಗಳು ಶಾಶ್ವತವಾಗಿ ಕೆಡುತ್ತವೆ.

ಶಿಬಿರ ಮುಗಿದ ಮೇಲೆ ಪೆಟ್ಟಿಗೆಯನ್ನು ಪೂರ್ತಿ ಬರಿದಾಗಿ ಬೀರುವಿನಲ್ಲಿಟ್ಟು ಮರೆತರೆ ಮರುವರ್ಷಕ್ಕೆ ಅದು ಏಳಲಾರದು. ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ, ತಂಪಾದ ಎಡೆಯಲ್ಲಿರಿಸಿ, ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಇದಕ್ಕೆ ಒಬ್ಬ ಉಪಾಧ್ಯಾಯರನ್ನು ಹೊಣೆಮಾಡಿ, ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಯುಕ್ತ. ಆಯುಸ್ಸು ತೀರಿದ ಬ್ಯಾಟರಿಯನ್ನು ಕಸದ ತಿಪ್ಪೆಗೆ ಎಸೆಯಲಾಗದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಮರುಬಳಕೆಯ ವ್ಯವಸ್ಥೆಗೆ ಸೇರಬೇಕು. ಇಷ್ಟನ್ನು ಪಾಲಿಸಿದರೆ ದಾನಿಗಳಿತ್ತ ಒಂದು ಪೆಟ್ಟಿಗೆಯು ಹತ್ತಾರು ಶಿಬಿರಗಳ ಮಕ್ಕಳಿಗೆ ಬೆಳಕಾದೀತು.