ಎಪ್ಪತ್ತಾರು ಮಿಡಿತಗಳ ಗೆರೆ

1977ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವುದಕ್ಕೆಂದು ಮಾರುಕಟ್ಟೆಗೆ ತಂದು, 1992ರ ಸುಮಾರಿಗೆ ತಯಾರಿಕೆಯನ್ನೇ ನಿಲ್ಲಿಸಿದ 2600 ಎಂಬ ಕನ್ಸೋಲ್ ಯಂತ್ರಕ್ಕೆ, ಅದರ ಒಡೆಯರೇ ಅದನ್ನು ಕೈಬಿಟ್ಟ ಮೇಲೆಯೂ, ಯಾರ ಅಪ್ಪಣೆಯನ್ನೂ ಯಾವ ಸಂಬಳವನ್ನೂ ನಿರೀಕ್ಷಿಸದೆ, ಏಕಾಕಿಗಳಾಗಿ ಕುಳಿತು ಹೊಸ ಆಟಗಳನ್ನು ರಚಿಸುವ ಪ್ರೋಗ್ರಾಮರುಗಳ ಪರಂಪರೆಯೊಂದು 1990ರ ದಶಕದ ಮಧ್ಯದಿಂದ ಇಂದಿನವರೆಗೂ ನಡೆದುಬಂದಿದೆ. ಇದನ್ನು ಹಳೆಯ ವಸ್ತುಗಳ ಮೇಲಣ ವ್ಯಾಮೋಹವೆಂದು ಬದಿಗೆ ಸರಿಸುವವರುಂಟು. ಆದರೆ ಒಬ್ಬ ಮನುಷ್ಯನ ಬುದ್ಧಿಯು ಒಂದು ಗಣಕವನ್ನು ಅದರ ಕಟ್ಟಕಡೆಯ ಮಿಡಿತದವರೆಗೆ ಪೂರ್ಣವಾಗಿ ಅರಿಯಬಲ್ಲ ಅವಕಾಶ ಇಲ್ಲಿರುವಂತೆ ಇಂದಿನ ಯಾವ ಯಂತ್ರದಲ್ಲಿಯೂ ಇಲ್ಲವೆಂಬುದನ್ನು ಅವರು ಗಮನಿಸಿರಲಾರರು.

ಎಡ್ ಫ್ರೈಸ್ ಅವರ ನಿದರ್ಶನವನ್ನೇ ತೆಗೆದುಕೊಳ್ಳೋಣ. ತರುಣರಾಗಿದ್ದಾಗ ಅಟಾರಿಯ ಮನೆಗಣಕಕ್ಕೆ ಆಟಗಳನ್ನು ಬರೆದು, ತರುವಾಯ ಮೈಕ್ರೋಸಾಫ್ಟ್ ಸಂಸ್ಥೆಯನ್ನು ಸೇರಿ, ಎಕ್ಸ್‌ಬಾಕ್ಸ್ ಹುಟ್ಟಿದ ಕಾಲದಲ್ಲಿ ಅಲ್ಲಿಯ ಆಟಗಳ ಪ್ರಕಾಶನ ವಿಭಾಗಕ್ಕೆ ಉಪಾಧ್ಯಕ್ಷರಾಗಿದ್ದು, 2004ರಲ್ಲಿ ಆ ಅಧಿಕಾರವನ್ನು ಬಿಟ್ಟುಬಂದ ಅವರು, ದೊಡ್ಡದೊಂದು ತಂಡವು ವರ್ಷಗಟ್ಟಲೆ ದುಡಿದು 2001ರಲ್ಲಿ ಎಕ್ಸ್‌ಬಾಕ್ಸಿಗೆ ಒದಗಿಸಿದ್ದ 'ಹೇಲೋ' ಆಟದ ಸಾರವನ್ನು 4 ಕಿಲೋಬೈಟುಗಳ ಒಂದು ಕಾರ್ಟ್ರಿಜ್ಜಿನೊಳಗೆ ಅಡಗಿಸಿ, 'ಹೇಲೋ 2600' ಎಂಬ ಹೆಸರಿನಿಂದ 2010ರಲ್ಲಿ ಲಾಸ್ ವೇಗಾಸ್ ನಗರದ ಹಳೆಯ ಆಟಗಳ ಮೇಳದಲ್ಲಿ ಹೊರತಂದರು. ಬಿಡುವಿನ ವೇಳೆಯಲ್ಲಿ, ಅನುಭವಿಗಳಾದ ಕೆಲವರ ನೆರವನ್ನು ಅಲ್ಲಲ್ಲಿ ಪಡೆದು ಮುಗಿಸಿದ ಈ ಕೃತಿಯನ್ನು ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯವು 2013ರಲ್ಲಿ ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದು ಯುಕ್ತವಾದ ಕಾರ್ಯವೆಂದೇ ನನ್ನ ಎಣಿಕೆ. ಏಕೆಂಬುದನ್ನು ಹೇಳಬೇಕಾದರೆ ಯಂತ್ರದ ರಚನೆಯನ್ನು ತುಸು ವಿಸ್ತಾರವಾಗಿಯೇ ವಿವರಿಸಬೇಕು.

ಈ ಯಂತ್ರದ ಮೆಮೊರಿ 128 ಬೈಟುಗಳು ಮಾತ್ರ. ಇಂದಿನ ಗಣಕಗಳಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟುಗಳು ಬೇಕಾಗುವುದರಿಂದ, ಇಲ್ಲಿ 42 ಚಿಹ್ನೆಗಳಿಗಿಂತ ಹೆಚ್ಚಿಗೆ ಬರೆದಿಡುವಂತಿಲ್ಲ; ಆಟಗಾರನು ಎಲ್ಲಿದ್ದಾನೆ, ಶತ್ರುವು ಎಲ್ಲಿದ್ದಾನೆ, ಅಂಕಗಳೆಷ್ಟು, ಪ್ರಾಣಗಳೆಷ್ಟು ಎಂಬ ಸಮಸ್ತ ಲೆಕ್ಕವೂ ಇಷ್ಟರಲ್ಲಿಯೇ ಮುಗಿಯತಕ್ಕದ್ದು. ಚಿತ್ರವನ್ನಂತೂ ಸಂಗ್ರಹಿಸಿಡುವ ಮಾತೇ ಇಲ್ಲ. ತೆರೆಯ ಮೇಲೆ ಅಡ್ಡಕ್ಕೆ 160, ಉದ್ದಕ್ಕೆ 192 ಚುಕ್ಕೆಗಳೆಂದರೆ ಒಟ್ಟು 30,720 ಆಗುತ್ತವೆ. ಒಂದೊಂದು ಚುಕ್ಕೆಯೂ ಬೆಳಗಿದೆಯೋ ಇಲ್ಲವೋ ಎಂಬಷ್ಟನ್ನೇ ಗುರುತು ಹಾಕಿಕೊಂಡರೂ 3,840 ಬೈಟುಗಳು, ಎಂದರೆ ಇರುವ ಮೆಮೊರಿಯ ಮೂವತ್ತರಷ್ಟು, ಬೇಕಾಗುತ್ತವೆ. ಮೆಮೊರಿಯು ಬಹು ದುಬಾರಿಯಾಗಿದ್ದ ಆ ಕಾಲದಲ್ಲಿ ಯಂತ್ರವನ್ನು ರೂಪಿಸಿದ ಎಂಜಿನಿಯರುಗಳು ಚಿತ್ರವನ್ನು ಎಲ್ಲಿಯೂ ಇರಿಸದೆ, ಅದು ತೆರೆಯ ಮೇಲೆ ಮೂಡುವ ಕ್ಷಣದಲ್ಲಿಯೇ ಅದನ್ನು ಹುಟ್ಟಿಸುವ ಭಾರವನ್ನು ಪ್ರೋಗ್ರಾಮರನ ಮೇಲೆ ಹೊರಿಸಿದರು.

ಅಮೆರಿಕದ ಹಳೆಯ ಟೆಲಿವಿಷನ್ನುಗಳ ಪಿಕ್ಚರ್ ಟ್ಯೂಬಿನಲ್ಲಿ ಇಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ ಒಂದು ಗೆರೆಯನ್ನು ಎಳೆದು, ಮರಳಿ ಎಡಕ್ಕೆ ಬಂದು, ಅದರ ಕೆಳಗೆ ಇನ್ನೊಂದನ್ನು ಎಳೆಯುತ್ತ, ಸೆಕೆಂಡಿಗೆ 60 ಸಲ ಇಡೀ ತೆರೆಯನ್ನು ತುಂಬುತ್ತಿತ್ತು. ಒಂದು ಗೆರೆ ಮುಗಿದು ಇನ್ನೊಂದು ಆರಂಭವಾಗುವಷ್ಟರಲ್ಲಿ 2600ರ ಪ್ರೊಸೆಸರಿನ ಗಡಿಯಾರವು ಮಿಡಿಯುವುದು 76 ಸಲ. ಒಂದು ಮಿಡಿತದಲ್ಲಿ ಕಿರಣವು 3 ಚುಕ್ಕೆಗಳಷ್ಟು ಮುಂದೆ ಸರಿದಿರುತ್ತದೆ. ಅತ್ಯಂತ ಸರಳವಾದ ಆಜ್ಞೆಗೂ 2 ಮಿಡಿತಗಳು ಬೇಕು. ಒಂದು ಸಂಖ್ಯೆಯನ್ನು ಎತ್ತಿಕೊಂಡು ಚಿತ್ರದ ಚಿಪ್ಪಿಗೆ ಒಪ್ಪಿಸುವುದಕ್ಕೆ 5 ಬೇಕು, ಅಷ್ಟರೊಳಗೆ ಕಿರಣವು 15 ಚುಕ್ಕೆಗಳನ್ನು ದಾಟಿಹೋಗುತ್ತದೆ. ಮಗ್ಗದಲ್ಲಿ ಲಾಳಿಯು ಹಾಯುವ ಮುನ್ನವೇ ತಕ್ಕ ಬಣ್ಣದ ನೂಲನ್ನು ಒದಗಿಸಬೇಕಾದ ನೇಕಾರನ ಹಾಗೆ, ಆದರೆ ಲಾಳಿಯನ್ನು ತಡೆಯುವ ಸ್ವಾತಂತ್ರ್ಯ ಮಾತ್ರ ಇಲ್ಲದೆ, ಪ್ರೋಗ್ರಾಮರನು ಗೆರೆಗೆರೆಯಾಗಿ ಚಿತ್ರವನ್ನು ಸಿದ್ಧಪಡಿಸುತ್ತ ಹೋಗಬೇಕು.

ಚಿಪ್ಪು ಕೊಡುವ ಸಾಮಗ್ರಿಯಾದರೂ ಎಷ್ಟು? ಆಟಗಾರರ ಆಕೃತಿಗಳು ಎರಡು, ಒಂದೊಂದೂ 8 ಚುಕ್ಕೆ ಅಗಲ; ಗುಂಡುಗಳು ಎರಡು; ಚೆಂಡು ಒಂದು; ಹಿನ್ನೆಲೆಯ ಗೋಡೆಗಳಿಗೆ ಅರ್ಧ ತೆರೆಗಾಗುವಷ್ಟು 20 ತುಂಡುಗಳು. ಟೆನಿಸಿನಂಥ ಆಟವನ್ನೂ ಟ್ಯಾಂಕುಗಳ ಕಾಳಗವನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡು ಇದು. ಆಕೃತಿಗೆ ಅಡ್ಡ ಅಳತೆಯಲ್ಲಿ ಇಂಥದೇ ಸ್ಥಾನವೆಂದು ಸಂಖ್ಯೆಯಲ್ಲಿ ಹೇಳುವ ಸೌಕರ್ಯವೂ ಇಲ್ಲ. ಕಿರಣವು ಆ ಜಾಗಕ್ಕೆ ಬಂದ ಕ್ಷಣದಲ್ಲಿ 'ಇಲ್ಲಿ' ಎಂದು ಸೂಚನೆ ಕೊಡಬೇಕು, ಕೊಟ್ಟ ಕ್ಷಣವೇ ಆಕೃತಿಯ ಸ್ಥಾನವಾಗುತ್ತದೆ. ಇದಕ್ಕೆ ಪ್ರೋಗ್ರಾಮರುಗಳು ಕಂಡುಕೊಂಡ ಉಪಾಯವನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವೂ ಆನಂದವೂ ಒಟ್ಟಿಗೆ ಆಗುತ್ತವೆ. ಬೇಕಾದ ಸ್ಥಾನದ ಸಂಖ್ಯೆಯಿಂದ 15ನ್ನು ಕಳೆಯುವುದು, ಅದಕ್ಕೆ 2 ಮಿಡಿತ. ಉಳಿದದ್ದು ಸೊನ್ನೆಗಿಂತ ಕೆಳಗೆ ಇಳಿಯದಿದ್ದರೆ ಹಿಂದಿರುಗಿ ಮತ್ತೆ ಕಳೆಯುವುದು, ಅದಕ್ಕೆ 3 ಮಿಡಿತ. ಒಂದು ಸುತ್ತಿಗೆ 5 ಮಿಡಿತಗಳಾದ್ದರಿಂದ, ಸಂಖ್ಯೆಯಲ್ಲಿ 15 ಕಡಿಮೆಯಾಗುವಷ್ಟರಲ್ಲಿ ಕಿರಣವೂ ತೆರೆಯ ಮೇಲೆ 15 ಚುಕ್ಕೆಗಳಷ್ಟೇ ಮುಂದುವರಿದಿರುತ್ತದೆ. ಭಾಗಾಕಾರವು ಮುಗಿಯುವ ಹೊತ್ತಿಗೆ ಕಿರಣವು ಬೇಕಾದೆಡೆಯ ಸಮೀಪಕ್ಕೆ ಬಂದು ತಲಪಿರುತ್ತದೆ. ಒಡನೆ ಸೂಚನೆ ಕೊಟ್ಟು, ಅಳಿದುಳಿದ ಶೇಷವನ್ನು ಎಡಕ್ಕೋ ಬಲಕ್ಕೋ ಕೆಲವು ಚುಕ್ಕೆ ಸರಿಸುವ ಇನ್ನೊಂದು ಏರ್ಪಾಡಿಗೆ ಒಪ್ಪಿಸಿದರಾಯಿತು. ಲೆಕ್ಕ ಮಾಡುವ ಕ್ರಿಯೆಯೂ ಕಾಯುವ ಕ್ರಿಯೆಯೂ ಇಲ್ಲಿ ಒಂದೇ ಆಗಿವೆ. ಕಾಲವನ್ನು ದೇಶವನ್ನಾಗಿ ಪರಿವರ್ತಿಸುವ ಇಂಥ ಸಂಕ್ಷೇಪವನ್ನು ನಾನು ಉತ್ತಮ ಗಣಿತಪ್ರಮಾಣವೊಂದರ ಪಂಕ್ತಿಯಲ್ಲಿಯೇ ಇರಿಸುತ್ತೇನೆ.

ಆಟದ ವಿಚಾರವನ್ನು ಮಾಡುವುದು ಯಾವಾಗ ಎಂದು ಓದುಗರು ಕೇಳಬಹುದು. ಪ್ರತಿ ಚಿತ್ರಕ್ಕೆ ಕಿರಣವು ಹಾಯುವ 262 ಗೆರೆಗಳಲ್ಲಿ 192 ಮಾತ್ರ ಸಾಮಾನ್ಯವಾಗಿ ಕಾಣುವಂಥವು. ಮೇಲ್ಗಡೆ 37, ಕೆಳಗಡೆ 30 ಗೆರೆಗಳ ಅವಧಿಯಲ್ಲಿ ತೆರೆಯು ಕಪ್ಪಾಗಿರುವುದರಿಂದ, ಆಗ ದೊರೆಯುವ ಸುಮಾರು 5,000 ಮಿಡಿತಗಳೊಳಗೆ ಶತ್ರುಗಳನ್ನು ಚಲಿಸುವಂತೆ ಮಾಡಿ, ಪೆಟ್ಟು ತಗಲಿತೇ ಎಂದು ಪರೀಕ್ಷಿಸಿ, ಧ್ವನಿಯನ್ನು ಹೊರಡಿಸಿ ಮುಗಿಸಬೇಕು. ಒಂದೆರಡು ಗೆರೆ ಹೆಚ್ಚುಕಡಿಮೆಯಾದರೆ ಹಳೆಯ ಟೆಲಿವಿಷನ್ನಿನಲ್ಲಿ ಚಿತ್ರವು ಕುಪ್ಪಳಿಸುತ್ತದೆ, ಇಲ್ಲವೇ ಉರುಳಿಹೋಗುತ್ತದೆ.

ಇನ್ನು ಪರವಾನಗಿಯ ಪ್ರಶ್ನೆ. ಅಟಾರಿಯು ಈ ಯಂತ್ರಕ್ಕೆ ಅನ್ಯರ ಕಾರ್ಟ್ರಿಜ್ಜುಗಳನ್ನು ತಡೆಯುವ ಯಾವ ಉಪಕರಣವನ್ನೂ ಅಳವಡಿಸಿರಲಿಲ್ಲ. ಅದೇ ಸಂಸ್ಥೆಯ ಕೆಲವು ಪ್ರೋಗ್ರಾಮರುಗಳು ಹೊರಬಂದು 1979ರಲ್ಲಿ ಆಕ್ಟಿವಿಷನ್ ಸ್ಥಾಪಿಸಿ ಸ್ವತಂತ್ರವಾಗಿ ಆಟಗಳನ್ನು ಮಾರತೊಡಗಿದಾಗ ಅಟಾರಿಯು ದಾವೆ ಹೂಡಿತು, ಕಡೆಗೆ ರಾಜಿಯಾಯಿತು. ಅವರಲ್ಲೊಬ್ಬರಾದ ಡೇವಿಡ್ ಕ್ರೇನ್ 1982ರಲ್ಲಿ ರಚಿಸಿದ 'ಪಿಟ್‌ಫಾಲ್' ಆಟದ ಕಾಡಿನ 255 ದೃಶ್ಯಗಳು ಕಾರ್ಟ್ರಿಜ್ಜಿನಲ್ಲಿ ಎಲ್ಲಿಯೂ ಬರೆದಿಟ್ಟವಲ್ಲ. ಒಂದೇ ಬೈಟಿನ ಎಂಟು ಅಂಕೆಗಳನ್ನು ಒಂದು ನಿಯಮದ ಪ್ರಕಾರ ಸರಿಸುತ್ತ ಹೋದರೆ ಬರುವ ಸಂಖ್ಯೆಗಳಿಂದಲೇ ಮರ, ಹಳ್ಳ, ಮೊಸಳೆಗಳೆಲ್ಲ ಹುಟ್ಟುತ್ತವೆ, ನಿಯಮವನ್ನು ತಿರುಗಿಸಿದರೆ ಬಂದ ದಾರಿಯಲ್ಲಿಯೇ ಹಿಂದಿರುಗಬಹುದು. ನಿಂಟೆಂಡೊ ಸಂಸ್ಥೆಯು 1985ರಲ್ಲಿ ಅಮೆರಿಕಕ್ಕೆ ತಂದ ಯಂತ್ರದಲ್ಲಾದರೋ ಅನ್ಯರ ಕಾರ್ಟ್ರಿಜ್ಜುಗಳನ್ನು ತಡೆಯಲೆಂದೇ ಕನ್ಸೋಲಿನಲ್ಲೊಂದು, ಕಾರ್ಟ್ರಿಜ್ಜಿನಲ್ಲೊಂದು ಚಿಪ್ಪುಗಳಿದ್ದು, ಅವುಗಳ ಸಂಕೇತಗಳು ಹೊಂದದಿದ್ದರೆ ಯಂತ್ರವು ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತ ಆಟಕ್ಕೆ ಎಡೆಗೊಡುತ್ತಿರಲಿಲ್ಲ. ನಮ್ಮ ಊರುಗಳಲ್ಲಿ 1990ರ ದಶಕದಲ್ಲಿ ಟಿ.ವಿ. ಗೇಮ್ ಎಂದು ಮಾರಾಟವಾದ ಪೆಟ್ಟಿಗೆಗಳು ಬಹುಮಟ್ಟಿಗೆ ಇದೇ ನಿಂಟೆಂಡೊ ಯಂತ್ರದ ನಕಲುಗಳು. ಅವುಗಳೊಡನೆ ಬರುತ್ತಿದ್ದ ಕಾರ್ಟ್ರಿಜ್ಜುಗಳಲ್ಲಿದ್ದವೂ ಹೆಚ್ಚಾಗಿ ಅನ್ಯರ ಆಟಗಳ ಪ್ರತಿಗಳೇ. ಸ್ವಂತ ಬುದ್ಧಿಯಿಂದ ಹೊಸ ಆಟವನ್ನು ಬರೆದು, ಕೊಳ್ಳುವವನ ಮನೆಯ ಯಂತ್ರದಲ್ಲಿ ಅದನ್ನು ಓಡಿಸುವವನನ್ನು ಈ ನಕಲುಗಾರರ ಸಾಲಿಗೆ ಸೇರಿಸುವುದು ಅನ್ಯಾಯ. ಯಂತ್ರದೊಡನೆ ಹೊಂದಿಕೊಳ್ಳುವ ಬಗೆಯನ್ನು ತಿಳಿಯಲು ಅನ್ಯರ ಪ್ರೋಗ್ರಾಮನ್ನು ಬಿಡಿಸಿ ನೋಡುವುದು, ಬೇರೆ ದಾರಿಯಿಲ್ಲದಾಗ, ನ್ಯಾಯಸಮ್ಮತವೇ ಎಂದು ಸೆಗಾ ಮತ್ತು ಅಕೊಲೇಡ್ ಸಂಸ್ಥೆಗಳ ವ್ಯಾಜ್ಯದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು 1992ರಲ್ಲಿ ತೀರ್ಪಿತ್ತಿತು.

ಈ ವಿದ್ಯೆಯಲ್ಲಿ ಆಸಕ್ತಿಯುಳ್ಳ ನಮ್ಮ ವಿದ್ಯಾರ್ಥಿಗಳಿಗೆ ಹಳೆಯ ಯಂತ್ರವೇ ಕೈಗೆ ಸಿಕ್ಕಬೇಕೆಂಬ ನಿರ್ಬಂಧವಿಲ್ಲ. ಸ್ಟೆಲ್ಲಾ ಎಂಬ ಉಚಿತ ತಂತ್ರಾಂಶವು 2600ನ್ನು ಯಾವುದೇ ಸಾಧಾರಣ ಗಣಕದಲ್ಲಿ ಅನುಕರಿಸಿ, ಕಿರಣವು ಯಾವ ಗೆರೆಯ ಯಾವ ಚುಕ್ಕೆಯಲ್ಲಿದೆಯೆಂಬುದನ್ನು ಪ್ರತಿ ಆಜ್ಞೆಯ ಬಳಿಯೂ ನಿಲ್ಲಿಸಿ ತೋರಿಸುತ್ತದೆ. ಗೆರೆಯೊಂದು ಮುಗಿಯುವವರೆಗೆ ಕಾದು, ಹಿನ್ನೆಲೆಯ ಬಣ್ಣದ ಸಂಖ್ಯೆಗೆ ಒಂದನ್ನು ಕೂಡಿಸಿ, ಅದನ್ನು ಚಿಪ್ಪಿಗೆ ಒಪ್ಪಿಸಿ, ಮತ್ತೆ ಕಾಯುವುದು ಇಲ್ಲಿ ರೂಢಿಯ ಮೊದಲ ಪಾಠ. ಬೆರಳೆಣಿಕೆಯ ಆಜ್ಞೆಗಳ ಈ ಆವರ್ತನವನ್ನು 192 ಗೆರೆಗಳಿಗೂ ನಡೆಸಿದರೆ ತೆರೆಯ ತುಂಬ ಬಣ್ಣದ ಪಟ್ಟೆಗಳು ಮೂಡುತ್ತವೆ. ಎರಡನೆಯ ಪಾಠವು ಮೇಲೆ ಹೇಳಿದ ಹದಿನೈದರ ಭಾಗಾಕಾರವೇ ಆಗಬಹುದು.