ಹದಿನಾರರ ಹುಡುಗಿ ಬರೆದ ಬೀದಿ ಹುಡುಗರ ಕಾದಂಬರಿ

1960ರ ದಶಕ. ಅಮೆರಿಕದ ಓಕ್ಲಹೋಮ ರಾಜ್ಯದ ತುಲ್ಸಾ ನಗರದ ವಿಲ್ ರೋಜರ್ಸ್ ಹೈಸ್ಕೂಲಿನ ಹುಡುಗರಲ್ಲಿ ಎರಡು ಬಣಗಳಿದ್ದವು. ತಲೆಗೆ ಎಣ್ಣೆ ಮೆತ್ತಿಕೊಂಡು ತಿರುಗುವ ಬಡವರ ಮನೆಯ ‘ಗ್ರೀಸರ್’ಗಳದ್ದು ಒಂದು, ಕಾರಿನಲ್ಲಿ ಓಡಾಡುವ ಸಿರಿವಂತರ ‘ಸೋಶ್’ಗಳದ್ದು ಇನ್ನೊಂದು. ಒಮ್ಮೆ ಸಿನಿಮಾ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ ಹುಡುಗನೊಬ್ಬನನ್ನು ಎದುರು ಬಣದವರು ಹಿಡಿದು ಹೊಡೆದರು. ಅವನ ಸ್ನೇಹಿತೆ ಸೂಸನ್ ಎಲೊಯಿಸ್ ಹಿಂಟನ್‌ಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ಬರೆಯತೊಡಗಿದಳು. ಆಗ ಅವಳಿಗೆ 15 ವರ್ಷ.

ಆ ಬರವಣಿಗೆಯೇ ‘ದಿ ಔಟ್‌ಸೈಡರ್ಸ್’ ಆಯಿತು. ಅಪ್ಪ ಅಮ್ಮ ಇಲ್ಲದ ಮೂವರು ಅಣ್ಣತಮ್ಮಂದಿರು, ಅವರ ಗ್ರೀಸರ್ ಗೆಳೆಯರು, ಒಂದು ರಾತ್ರಿಯ ಹೊಡೆದಾಟದಲ್ಲಿ ಆಗಿಹೋಗುವ ಕೊಲೆ. ಕಥೆ ಹೇಳುವವನು ಕಿರಿಯವನಾದ ಪೋನಿಬಾಯ್, 14ರ ಹುಡುಗ. ಕಾದಂಬರಿಯ ಬಹುಪಾಲು ಬರೆದದ್ದು 16ನೇ ವಯಸ್ಸಿನಲ್ಲಿ. ಅದೇ ವರ್ಷ ಶಾಲೆಯ ಸೃಜನಶೀಲ ಬರವಣಿಗೆಯ ವಿಷಯದಲ್ಲಿ ಅವಳಿಗೆ ಸಿಕ್ಕಿದ್ದು ‘ಡಿ’ ಗ್ರೇಡು! ಮನೆಯಲ್ಲಿ ಅಪ್ಪ ಮಿದುಳಿನ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಮಗಳ ಪುಸ್ತಕ ನೋಡಲು ಅವರು ಉಳಿಯಲಿಲ್ಲ.

1967ರಲ್ಲಿ ವೈಕಿಂಗ್ ಪ್ರಕಾಶನ ಪುಸ್ತಕ ಹೊರತಂದಾಗ ಲೇಖಕಿಗೆ 18 ವರ್ಷ. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಿದ್ದಾಳೆಂದರೆ ಗಂಡಸು ವಿಮರ್ಶಕರು ಓದುವ ಮೊದಲೇ ಮೂಗು ಮುರಿದಾರು ಎಂಬ ಅಳುಕು ಪ್ರಕಾಶಕರದು. ಹಾಗಾಗಿ ಹೆಸರು ಎಸ್.ಇ. ಹಿಂಟನ್ ಎಂದು ಮೊಟಕಾಯಿತು.

ಆವರೆಗೆ ಹದಿಹರೆಯದವರಿಗೆಂದು ಅಲ್ಲಿ ಪುಸ್ತಕಗಳೇ ಇರಲಿಲ್ಲವೆಂದಲ್ಲ. ಇದ್ದವುಗಳಲ್ಲಿ ಹೆಚ್ಚಿನವು ಶಾಲೆಯ ನೃತ್ಯಕೂಟಕ್ಕೆ ಯಾರ ಜೊತೆ ಹೋಗುವುದು ಎಂಬ ಚಿಂತೆಯಲ್ಲೇ ಮುಗಿಯುತ್ತಿದ್ದವು. ಚಾಕು, ಕುಡಿತ, ಒಡೆದ ಮನೆ, ಸಾವು ಇವನ್ನೆಲ್ಲ ಅದೇ ವಯಸ್ಸಿನವಳೇ ಬರೆದದ್ದು ಹಲವು ದೊಡ್ಡವರಿಗೆ ಹಿಡಿಸಲಿಲ್ಲ. ಕೆಲವು ಶಾಲೆಗಳು ಪುಸ್ತಕವನ್ನು ಕಪಾಟಿನಿಂದ ತೆಗೆದವು. ಇನ್ನೆಷ್ಟೋ ಶಾಲೆಗಳಲ್ಲಿ ಅದು ಪಾಠದ ಪುಸ್ತಕವೇ ಆಯಿತು. ಮಾರಾಟವಾದ ಪ್ರತಿಗಳು 1 ಕೋಟಿ 40 ಲಕ್ಷಕ್ಕೂ ಹೆಚ್ಚು.

ಹಿಂಟನ್ ಅವರಿಗೆ ಈ ಯಶಸ್ಸೇ ಭಾರವಾಯಿತು. ಮೂರು ವರ್ಷ ಲೇಖನಿ ಮುಂದೆ ಸರಿಯಲಿಲ್ಲ. ದಿನಕ್ಕೆ ಎರಡು ಪುಟವಾದರೂ ಬರೆಯಲೇಬೇಕು, ಇಲ್ಲದಿದ್ದರೆ ಸುತ್ತಾಟವಿಲ್ಲ ಎಂದು ಪಟ್ಟುಹಿಡಿದವರು ಗೆಳೆಯ ಡೇವಿಡ್ ಇನ್‌ಹೋಫ್; ಮುಂದೆ ಪತಿಯಾದವರು. ಹಾಗೆ ಹುಟ್ಟಿದ ‘ದಟ್ ವಾಸ್ ದೆನ್, ದಿಸ್ ಈಸ್ ನೌ’ 1971ರಲ್ಲಿ ಬಂತು. ಆಮೇಲೆ ‘ರಂಬಲ್ ಫಿಶ್’ (1975), ‘ಟೆಕ್ಸ್’ (1979), ‘ಟೇಮಿಂಗ್ ದಿ ಸ್ಟಾರ್ ರನ್ನರ್’ (1988). ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳು ಈ ಐದೇ.

ಸಿನಿಮಾದ ಕಥೆ ಇನ್ನೂ ಸೊಗಸು. 1980ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಬಳಿಯ ಲೋನ್ ಸ್ಟಾರ್ ಶಾಲೆಯ ಗ್ರಂಥಪಾಲಕಿ, ಮಕ್ಕಳ ಸಹಿಗಳ ಸಮೇತ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಪತ್ರ ಬರೆದರು: ಈ ಕಾದಂಬರಿಯನ್ನು ನೀವೇ ಸಿನಿಮಾ ಮಾಡಬೇಕು. ‘ಗಾಡ್‌ಫಾದರ್’ ತೆಗೆದ ಆ ನಿರ್ದೇಶಕ ಆವರೆಗೆ ಪುಸ್ತಕವನ್ನೇ ಓದಿರಲಿಲ್ಲ. ಓದಿದರು, ಒಪ್ಪಿದರು, ತುಲ್ಸಾದಲ್ಲೇ ಚಿತ್ರೀಕರಿಸಿದರು. 1983ರಲ್ಲಿ ತೆರೆಕಂಡ ಚಿತ್ರದಲ್ಲಿ ಮ್ಯಾಟ್ ಡಿಲನ್, ಪ್ಯಾಟ್ರಿಕ್ ಸ್ವೇಜ಼ಿ, ಆಗಿನ್ನೂ ಹೆಸರು ಮಾಡಿರದ ಟಾಮ್ ಕ್ರೂಸ್ ಇದ್ದಾರೆ. ನರ್ಸ್ ಪಾತ್ರದಲ್ಲಿ ಒಂದು ಗಳಿಗೆ ಹಿಂಟನ್ ಕೂಡ ಕಾಣಿಸಿಕೊಳ್ಳುತ್ತಾರೆ. ಅದೇ ವರ್ಷ ‘ರಂಬಲ್ ಫಿಶ್’ ಕೂಡ ಬಂತು. ಅದಕ್ಕೆ ಕೊಪ್ಪೊಲಾ, ಹಿಂಟನ್ ಇಬ್ಬರೂ ಸೇರಿ ಚಿತ್ರಕಥೆ ಬರೆದಿದ್ದರು.

ಹದಿಹರೆಯದವರ ಸಾಹಿತ್ಯಕ್ಕೆ ಮೀಸಲಾದ ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿ 1988ರಲ್ಲಿ ಶುರುವಾದಾಗ ಮೊದಲು ಸಂದದ್ದು ಹಿಂಟನ್ ಅವರಿಗೆ. (ನಮ್ಮ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 9ರಿಂದ 16 ವರ್ಷದ ಓದುಗರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಮೀಸೆ ಚಿಗುರುವ ವಯಸ್ಸಿನವರಿಗೆ ಬೇರೆ ಎಲೆ ಹಾಕುವುದು ಒಳ್ಳೆಯದು.) ಚಿತ್ರೀಕರಣ ನಡೆದ ತುಲ್ಸಾದ ಮನೆ 2019ರಿಂದ ವಸ್ತುಸಂಗ್ರಹಾಲಯವಾಗಿದೆ. ಕಾದಂಬರಿಯನ್ನು ಆಧರಿಸಿದ ಬ್ರಾಡ್‌ವೇ ಸಂಗೀತ ನಾಟಕಕ್ಕೆ 2024ರಲ್ಲಿ ಟೋನಿ ಪ್ರಶಸ್ತಿ ಬಂತು.

ಹಿಂಟನ್ ಅವರನ್ನು ಓದಬೇಕೆನ್ನುವವರು ‘ದಿ ಔಟ್‌ಸೈಡರ್ಸ್’ನಿಂದಲೇ ಶುರುಮಾಡಬಹುದು. ಅದರಲ್ಲಿ ಅಳು ಸ್ವಲ್ಪ ಜಾಸ್ತಿ. 16ರ ಲೇಖಕಿಗೆ ಅಷ್ಟು ರಿಯಾಯಿತಿ ಕೊಡಬೇಕು. ಅಲ್ಲಿಗೇ ನಿಲ್ಲಿಸದೆ ‘ರಂಬಲ್ ಫಿಶ್’ ಕೂಡ ಓದಿ. ಬಣ್ಣಗಳೇ ಕಾಣದ ಅಣ್ಣ, ಅವನಂತಾಗಲು ಹಾತೊರೆಯುವ ತಮ್ಮ. ತೆಳ್ಳನೆಯ ಪುಸ್ತಕ, ಬರವಣಿಗೆಯಲ್ಲಿ ಮೊದಲನೆಯದಕ್ಕಿಂತ ಒಂದು ಕೈ ಮೇಲು.