ಹವಳಕ್ಕೆ ಬೇಕಾದ ಬೆಳಕು

ಸಿಹಿನೀರಿನ ಮೀನುಗಳನ್ನು ಸಾಕಿ ಕೈಪಳಗಿದವರು ಕೆಲಕಾಲದ ಮೇಲೆ ಹವಳದ ಅಕ್ವೇರಿಯಂನ ಮೋಹಕ್ಕೆ ಬೀಳುವುದುಂಟು. ಮೀನಿನ ತೊಟ್ಟಿಯ ದೀಪ ನಾವು ನೋಡಿ ಸಂತೋಷಪಡಲೆಂದು ಇರುವಂಥದು. ಹವಳದ ತೊಟ್ಟಿಯಲ್ಲಾದರೋ ಅದೇ ಆಹಾರ. ಈ ಭೇದವನ್ನರಿಯದೆ ನಾನು ಹಳೆಯ ಟ್ಯೂಬ್‌ಲೈಟನ್ನೇ ಮುಂದುವರಿಸಿದೆ. ಅಣಬೆಯಾಕಾರದ ಮೆದುಹವಳವು ಬೆಳಕಿಗಾಗಿ ಕತ್ತು ಚಾಚಿದಂತೆ ಹಿಗ್ಗಿ, ಸೊರಗಿ, ಕಂದಾಯಿತು. ಗಾಬರಿಗೊಂಡು ಪ್ರಖರವಾದ ದೀಪವನ್ನು ತಂದು ಒಮ್ಮೆಲೇ ಪೂರ್ಣಶಕ್ತಿಯಲ್ಲಿ ಉರಿಸಿದೆ. ಕೆಲವೇ ದಿನಗಳಲ್ಲಿ ಅದು ಬೆಳ್ಳಗಾಗಿ ಕರಗಿಹೋಯಿತು.

ಹವಳವು ಪ್ರಾಣಿ. ಆದರೆ ಅದರ ದೇಹದೊಳಗೆ ಬರಿಗಣ್ಣಿಗೆ ಕಾಣದ ಏಕಕೋಶದ ಪಾಚಿಗಳು ವಾಸಿಸುತ್ತವೆ. ಬೆಳಕಿನ ಬಲದಿಂದ ಅವು ತಯಾರಿಸುವ ಆಹಾರದ ಬಹುಪಾಲು ಆಶ್ರಯವಿತ್ತ ಪ್ರಾಣಿಗೆ ಸಲ್ಲುತ್ತದೆ. ಬೆಳಕೋ ಶಾಖವೋ ಮಿತಿಮೀರಿದರೆ ಹವಳವು ಆ ಪಾಚಿಗಳನ್ನು ಹೊರದೂಡಿ, ಬಿಳಿಚಿಕೊಂಡು, ಉಪವಾಸ ಬೀಳುತ್ತದೆ.

ಆದಕಾರಣ ಯಾವ ಹವಳವೆಂದು ನಿಶ್ಚಯಿಸದೆ ದೀಪ ಕೊಳ್ಳಲಾಗದು. ಇಲ್ಲಿ ಕಾನೂನಿನ ಮಾತೂ ಇದೆ. ದಿಬ್ಬ ಕಟ್ಟುವ ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಮುರುಡೇಶ್ವರದ ಸಮೀಪದ ನೇತ್ರಾಣಿಯಲ್ಲಿ ಮುಳುಗಿ ಎದ್ದವರು ಅದರ ಒಂದು ಚೂರನ್ನೂ ಮನೆಗೆ ತರುವಂತಿಲ್ಲ. ಮನೆಯ ಸಣ್ಣ ತೊಟ್ಟಿಗೆ ಅಣಬೆ ಹವಳದಂಥ ಮೆದುಜಾತಿಗಳೇ ಯೋಗ್ಯ. ಅವುಗಳಿಗೂ ಮೂಲವನ್ನು ತೋರುವ ಕಾಗದಪತ್ರಗಳನ್ನು ಕೇಳಬೇಕು. ಸಂತೋಷದ ಸಂಗತಿಯೆಂದರೆ, ಇವುಗಳ ಬೆಳಕಿನ ಹಸಿವು ಅಲ್ಪ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ವ್ಯಾಟ್ ಎಷ್ಟೆಂದು. ವ್ಯಾಟ್ ಎಂಬುದು ದೀಪದ ಖರ್ಚೇ ಹೊರತು ವರಮಾನವಲ್ಲ. ಪಾಚಿಗೆ ಉಪಯುಕ್ತವಾದ ಬೆಳಕನ್ನು ತೋರುವುದು 'ಪಾರ್' ಎಂಬ ಅಳತೆ. ಅಣಬೆ ಹವಳಕ್ಕೆ 50ರಿಂದ 100 ಪಾರ್ ಸಾಕು. ಕವಲೊಡೆಯುವ ಕಲ್ಲುಹವಳಕ್ಕೆ 200ಕ್ಕೂ ಮೇಲೆ ಬೇಕು. ಇನ್ನು ಬಣ್ಣ. ಸಮುದ್ರದ ನೀರು ಕೆಂಪು ಕಿರಣಗಳನ್ನು ಮೇಲೆಯೇ ಹೀರಿಕೊಂಡು, ನೀಲಿಯನ್ನು ಆಳಕ್ಕೆ ಬಿಡುತ್ತದೆ. ಪಾಚಿಗಳೂ ನೀಲಿಗೇ ಒಗ್ಗಿಕೊಂಡಿವೆ. ಆದುದರಿಂದ 420ರಿಂದ 480 ನ್ಯಾನೋಮೀಟರ್ ತರಂಗಾಂತರದ ನೀಲಿ ಹೇರಳವಾಗಿದ್ದು, ನೀಲಿಯನ್ನೂ ಬಿಳಿಯನ್ನೂ ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡಬಲ್ಲ ಎಲ್‌ಇಡಿ ದೀಪವನ್ನು ಆರಿಸಬೇಕು.

ಒಂದಡಿ ಆಳದ ಸಣ್ಣ ತೊಟ್ಟಿಗೆ 30 ವ್ಯಾಟ್ ಆಸುಪಾಸಿನ ಇಂಥ ದೀಪ ಸಾಮಾನ್ಯವಾಗಿ ಸಾಕಾಗುತ್ತದೆ. ದಿನಕ್ಕೆ ಎಂಟು ಗಂಟೆ ಉರಿಸಿದರೂ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಹಳೆಯ ಕಾಲದ 150 ವ್ಯಾಟಿನ ಮೆಟಲ್ ಹಾಲೈಡ್ ದೀಪವಾದರೆ 36 ಯೂನಿಟ್. ಜೊತೆಗೆ ಅದರ ಶಾಖ. ನೀರು 25ರಿಂದ 27 ಡಿಗ್ರಿಯಲ್ಲಿರಬೇಕಾದಲ್ಲಿ, ಮುಂಬಯಿಯ ಮೇ ತಿಂಗಳಲ್ಲಿ ಆ ಶಾಖವೊಂದೇ ಹವಳಕ್ಕೆ ಮೃತ್ಯುವಾದೀತು.

ಹೊಸ ದೀಪವನ್ನು ಮೊದಲ ವಾರ ಮೂರನೆಯ ಒಂದು ಭಾಗ ಶಕ್ತಿಯಲ್ಲಿ, ಆರು ಗಂಟೆ ಮಾತ್ರ ಉರಿಸಿ, ಅನಂತರ ನಾಲ್ಕಾರು ವಾರಗಳಲ್ಲಿ ಕ್ರಮಕ್ರಮವಾಗಿ ಏರಿಸಬೇಕು. ನಾನು ತಪ್ಪಿದ್ದು ಇಲ್ಲಿಯೇ. ದೀಪವನ್ನು ಹಚ್ಚಿ ಆರಿಸುವ ಕೆಲಸವನ್ನು ಟೈಮರ್‌ಗೆ ಒಪ್ಪಿಸುವುದು ಲೇಸು. ಕಚೇರಿಯಿಂದ ತಡವಾಗಿ ಬರುವ ನಮ್ಮ ವೇಳಾಪಟ್ಟಿಯನ್ನು ಹವಳ ಒಪ್ಪದು. ಗಾಜಿನ ಮೇಲೆ ಕೂರುವ ಉಪ್ಪಿನ ಪೊರೆ ಬೆಳಕನ್ನು ನುಂಗುವುದರಿಂದ ವಾರಕ್ಕೊಮ್ಮೆ ಒರೆಸಬೇಕು.

ಮನೆಮಂದಿಯ ಕ್ಷೇಮಕ್ಕಾಗಿ ಎರಡು ಎಚ್ಚರಿಕೆಗಳು. ಉಪ್ಪುನೀರು ವಿದ್ಯುತ್ತಿಗೆ ಸುಲಭದ ದಾರಿ. ದೀಪದ ವೈರು ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಮೇಲೇರುವಂತಿರಲಿ, ಇಎಲ್‌ಸಿಬಿ ತಪ್ಪದೆ ಇರಲಿ. ಬೆಳಕಿಗೆ ತಕ್ಕಂತೆ ಹವಳದ ಜಾಗ ಬದಲಿಸುವಾಗ ಕೈಗವಸು ಧರಿಸಬೇಕು. ಗುಂಡಿಯಂತೆ ಕಾಣುವ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವು ಅಂಟಿರುವ ಕಲ್ಲನ್ನು ಕುದಿನೀರಿಗೆ ಹಾಕಿದರೆ ಆವಿಯೊಡನೆ ಆ ವಿಷ ಶ್ವಾಸಕೋಶವನ್ನು ಸೇರಬಲ್ಲುದು.